ಚೆಲ್ಲಿದ ಕಟ್ಟು

ಅಮೆರಿಕದ ಮಿನಿಯಾಪೊಲಿಸ್‌ನ ಜನವರಿ. ಒಂದು ಶನಿವಾರ ಬೆಳಿಗ್ಗೆ ಮೂರು ಹೊದಿಕೆಗಳ ಅಡಿಯಿಂದ, ನೆಗಡಿ ಹಿಡಿದಿದ್ದ ಹೆಂಡತಿಯ ದನಿ ಬಂತು: “ಏನಾದರೂ ಬಿಸಿಬಿಸಿ ಕುಡಿಯಬೇಕು ಅನ್ನಿಸುತ್ತಿದೆ.” ಶುಂಠಿ ಜಜ್ಜಿ, ಮೆಣಸು ಹಾಕಿ ಕಷಾಯ ಕಾಯಿಸಿಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಗಂಡನ ಕರ್ತವ್ಯ ಮುಗಿಯುತ್ತಿತ್ತು. ಆದರೆ ಹಿಂದಿನ ದಿನವಷ್ಟೇ ಕಚೇರಿಯಲ್ಲಿ ಒಬ್ಬರು, ನೆಗಡಿಗೆ ಚಿಕನ್ ನೂಡಲ್ ಸೂಪಿಗಿಂತ ಮದ್ದಿಲ್ಲ, ಅದೂ ಡಬ್ಬಿಯದಲ್ಲ, ಮನೆಯಲ್ಲೇ ಮೂಳೆ ಬೇಯಿಸಿ ತೆಗೆದದ್ದಾಗಬೇಕು ಎಂದು ಅಪ್ಪಣೆ ಕೊಡಿಸಿದ್ದರು.

ಶಾಸ್ತ್ರಾಧಾರವೂ ಸಿಕ್ಕಿತು. 12ನೇ ಶತಮಾನದ ಯಹೂದಿ ವೈದ್ಯ ಮೈಮೊನಿಡಿಸ್ ಕೋಳಿಯ ಸಾರನ್ನು ಔಷಧವೆಂದೇ ಹೇಳಿದ್ದಾನೆ. 2000ರಲ್ಲಿ ನೆಬ್ರಾಸ್ಕದ ವೈದ್ಯ ಸ್ಟೀಫನ್ ರೆನಾರ್ಡ್ ಹೆಂಡತಿಯ ಅಜ್ಜಿಯಿಂದ ಬಂದ ಸೂಪನ್ನೇ ಪ್ರಯೋಗಾಲಯಕ್ಕೆ ಒಯ್ದು, ಅದು ಒಂದು ಬಗೆಯ ಬಿಳಿ ರಕ್ತಕಣಗಳ ಓಡಾಟವನ್ನು ತಗ್ಗಿಸುತ್ತದೆ ಎಂದು ತೋರಿಸಿದ್ದಾರೆ. ಪ್ರಯೋಗ ನಡೆದದ್ದು ಮನುಷ್ಯರ ಮೂಗಿನ ಮೇಲಲ್ಲ ಎಂಬ ಭಾಗವನ್ನು ನಾನು ಹೆಂಡತಿಗೆ ಓದಿ ಹೇಳಲಿಲ್ಲ.

ಇಡೀ ಕೋಳಿ ತಂದೆ. ನಮ್ಮ ಮದ್ದೂರಿನ ಕಡೆ ಕೋಳಿ ಕಣ್ಣೆದುರೇ ಪುಕ್ಕ ಕಳೆದುಕೊಂಡು, ಬೆಂಕಿಯಲ್ಲಿ ಸುಟ್ಟುಕೊಂಡು, ಅರಿಶಿನ ಬಳಿಸಿಕೊಂಡು ಪಾತ್ರೆಗೆ ಬರುತ್ತದೆ. ಅದರೊಳಗೆ ಗುಟ್ಟೇನೂ ಇರುವುದಿಲ್ಲ. ಇಲ್ಲಿ ಕೋಳಿಯ ಹೊಟ್ಟೆಯೊಳಗೆ ಅದರದೇ ಕತ್ತು, ಗುಂಡಿಗೆ, ಲಿವರ್‌ಗಳನ್ನು ಪುಟ್ಟ ಕಾಗದದ ಚೀಲದಲ್ಲಿ ಕಟ್ಟಿಟ್ಟಿರುತ್ತಾರೆ, ಊರಿಗೆ ಹೊರಟವರ ಬುತ್ತಿಯ ಹಾಗೆ. ಅದು ನನಗೆ ತಿಳಿದದ್ದು ನೀರು ಕಾದು ಬುತ್ತಿ ತೇಲಿ ಬಂದ ಮೇಲೆ.

ಚೀಲ ತೆಗೆದು ಬಿಸಾಡಿ, ಈರುಳ್ಳಿ, ಕ್ಯಾರೆಟ್, ಸೆಲರಿ ಹಾಕಿ ಒಲೆಯ ಪಕ್ಕದಲ್ಲೇ ಕಾವಲು ಕುಳಿತೆ. ಈ ಸೂಪು ಮರಳಬಾರದಂತೆ. ಅಂಚಿನಲ್ಲಿ ಒಂದೆರಡು ಗುಳ್ಳೆ ಏಳುತ್ತಿರಬೇಕು, ಅಷ್ಟೆ. ಮರಳಿದರೆ ರಸ ಕದಡುತ್ತದೆ. ನಡುವೆ ಮೈದಾಕ್ಕೆ ಮೊಟ್ಟೆ ಒಡೆದು ಕಲಸಿ, ಲಟ್ಟಿಸಿ, ಚಾಕುವಿನಿಂದ ನೂಡಲ್ಸ್ ಕತ್ತರಿಸಿದೆ. ಕೆಲವು ಶ್ಯಾವಿಗೆಯಂತೆ ಬಂದವು, ಹೆಚ್ಚಿನವು ಪೈಜಾಮದ ಲಾಡಿಯಂತೆ. ಒಣಗಿಸಲು ಬೇರೆ ಜಾಗವಿಲ್ಲದೆ ಬಟ್ಟೆ ಹರಡುವ ಸ್ಟ್ಯಾಂಡಿನ ಮೇಲೆ, ನನ್ನ ಬನಿಯನ್ನುಗಳ ಪಕ್ಕದಲ್ಲಿ ನೇತುಹಾಕಿದೆ.

ಅಮ್ಮನ ವಿಡಿಯೊ ಕರೆ ಬಂತು. ಹೆಮ್ಮೆಯಿಂದ ಪಾತ್ರೆ ತೋರಿಸಿದೆ.

“ಕಾಯಿ ರುಬ್ಬಿ ಹಾಕಿದೆಯೇನೋ?”

“ಇಲ್ಲಮ್ಮ.”

“ಖಾರದ ಪುಡಿ?”

“ಇದಕ್ಕೆ ಹಾಕುವುದಿಲ್ಲ.”

“ಹಾಗಾದರೆ ಆ ಕೋಳಿ ಸತ್ತು ಏನು ಬಂತು?”

ಮೂರೂವರೆ ಗಂಟೆಯ ಹೊತ್ತಿಗೆ ರಸ ಹೊಂಬಣ್ಣಕ್ಕೆ ತಿರುಗಿ, ಮನೆಯೆಲ್ಲ ಘಮಘಮ. ಮುಂದಿನ ಕೆಲಸ ಸೋಸುವುದು. ಈ ದೇಶಕ್ಕೆ ಬಂದು ಹತ್ತು ವರ್ಷಗಳಿಂದ ವಾರಕ್ಕೊಮ್ಮೆ ಪಾಸ್ತಾ ಬಸಿದ ಕೈ ನನ್ನದು. ಆ ಕೈಗೆ ತಲೆಯ ಅಪ್ಪಣೆ ಬೇಕಾಗಲಿಲ್ಲ. ತೂತಿನ ಬೋಗುಣಿಯನ್ನು ಸಿಂಕಿನಲ್ಲಿಟ್ಟು, ಎರಡೂ ಕೈಯಿಂದ ಪಾತ್ರೆ ಎತ್ತಿ, ಬಹಳ ಜಾಗರೂಕನಾಗಿ, ಒಂದು ಹನಿಯೂ ನೆಲಕ್ಕೆ ಬೀಳದಂತೆ ಅಷ್ಟೂ ಸೂಪನ್ನು ಮೋರಿಗೆ ಬಸಿದೆ.

ಬೋಗುಣಿಯಲ್ಲಿ ಸಪ್ಪೆ ಮೂಳೆ, ಬಳಲಿದ ಸೆಲರಿ. ಮಿನಿಯಾಪೊಲಿಸ್‌ನ ಒಳಚರಂಡಿಗೆ ನೆಗಡಿಯಾಗಿದ್ದಿದ್ದರೆ ಅಂದೇ ವಾಸಿಯಾಗಿರುತ್ತಿತ್ತು.

ಬೇರೆಯವರು ಹೀಗೆ ಮಾಡಿದ್ದರೆ ಕ್ಷಮಿಸಬಹುದಿತ್ತು. ನಾನು ಬಸ್ಸಾರಿನ ಸೀಮೆಯವನು! ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿದು, ಬಸಿದ ಕಟ್ಟಿಗೇ ಖಾರ ರುಬ್ಬಿ ಹಾಕಿ ಸಾರು ಕಾಯಿಸಿ, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿ, ಎರಡನ್ನೂ ಮುದ್ದೆಯ ಜೊತೆ ಮುಗಿಸುವ ಜನ ನಾವು. ಬಸಿಯುವಾಗ ಕೆಳಗೊಂದು ಪಾತ್ರೆ ಇಡಬೇಕೆಂಬುದು ನಮ್ಮಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಅಮ್ಮನಿಗೆ ಈ ಸುದ್ದಿ ಈವರೆಗೂ ಮುಟ್ಟಿಲ್ಲ. ಅವಳು ಕೇಳಿದಾಗ “ಸ್ವಲ್ಪ ತೆಳುವಾಯಿತು” ಎಂದಿದ್ದೇನೆ.

ಆ ರಾತ್ರಿ ಸಪ್ಪೆ ಮಾಂಸಕ್ಕೆ ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಹುರಿದುಕೊಟ್ಟೆ. “ಸೂಪು ಎಲ್ಲಿ?” ಎಂದು ಅವಳು ಕೇಳಿದಳು. “ನಾಳೆ” ಎಂದೆ.

ಭಾನುವಾರ ಎರಡನೆಯ ಕೋಳಿ. ಈ ಸಲ ಮೊದಲು ಬುತ್ತಿ ತೆಗೆದೆ. ಸೋಸುವ ಮುಂಚೆ ಬೋಗುಣಿಯ ಕೆಳಗೆ ಪಾತ್ರೆ ಇದೆಯೇ ಎಂದು ಮೂರು ಸಲ ಬಗ್ಗಿ ನೋಡಿದೆ. ಅಷ್ಟರಲ್ಲಿ ರಾತ್ರಿ ಹನ್ನೊಂದಾಗಿ ಅವಳು ನಿದ್ದೆ ಹೋಗಿದ್ದಳು, ಆರಿಸಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಮೇಲೆ ಹಳದಿ ಕೊಬ್ಬಿನ ಪದರ, ಕೆಳಗೆ ಅಲ್ಲಾಡಿಸಿದರೆ ನಡುಗುವ ಜೆಲ್ಲಿ. ಮೂಳೆ, ಚರ್ಮಗಳ ಕೊಲಾಜೆನ್ ಕರಗಿ ಜೆಲಾಟಿನ್ ಆಗಿದೆ, ಸೂಪು ಹದವಾಗಿ ಇಳಿದಿದೆ ಎಂಬುದಕ್ಕೆ ಇದೇ ಗುರುತು. ಸಂಜೆ ಬಂದು ಬಿಸಿ ಮಾಡಿ ಬಡಿಸೋಣವೆಂದು, ಯಾರಿಗೂ ಏನೂ ಹೇಳದೆ ಕಚೇರಿಗೆ ಹೋದೆ.

ಮರಳಿ ಬಂದಾಗ ಪಾತ್ರೆ ತೊಳೆದು ಬೋರಲು ಹಾಕಿತ್ತು.

“ರೀ, ನಿಮ್ಮ ಸೂಪು ಕೆಟ್ಟು ಗಟ್ಟಿಯಾಗಿಬಿಟ್ಟಿತ್ತು. ಪಾಪ, ಅಷ್ಟು ಕಷ್ಟಪಟ್ಟಿದ್ದಿರಿ. ಚೆಲ್ಲಿದೆ.”

ಅವಳ ದನಿ ಗಂಟೆಯಂತಿತ್ತು. ನೆಗಡಿ ತಾನಾಗಿಯೇ ಬಿಟ್ಟಿತ್ತು. ಉತ್ತರ ಕೊಡಲು ಬಾಯಿ ತೆರೆದೆ, ನನಗೆ ಸೀನು ಬಂತು. ಒಣಗಿದ ಬಟ್ಟೆ ಮಡಿಸುತ್ತಿದ್ದವಳು ಕಡ್ಡಿಯಂತಾದ ಒಂದು ನೂಡಲ್ ಎತ್ತಿ ಬೆಳಕಿಗೆ ಹಿಡಿದಳು.

“ಇದು ಯಾವ ಪೈಜಾಮದ್ದು?”