ಬೆಂಚಿನ ಮೇಲೆ ಹೆಸರು, ಮಾರ್ಚ್ ತಿಂಗಳ ಬಿಲ್ಲು

ನಿನ್ನೆ ಅಕ್ಕನ ಮಗ ವಿದ್ಯಾನಗರದಿಂದ ಫೋನ್ ಮಾಡಿದ್ದ. ಯಾವುದೋ ಕಂಪನಿಯ ಶೇರು ತಗೋಬೇಕಂತೆ. ವಾರ್ಷಿಕ ವರದಿಯ ನಾಲ್ಕು ಫೋಟೋ ಕಳಿಸಿದ. ಗಿಡ ನೆಟ್ಟಿದ್ದು, ಶಾಲೆಗೆ ಶೌಚಾಲಯ ಕಟ್ಟಿಸಿದ್ದು, ಕಣ್ಣಿನ ಶಿಬಿರ. "ಮಾಮಾ, ಭಾಳ ಛಲೋ ಮಂದಿ ಕಾಣಸ್ತಾರ" ಅಂದ.

ನನಗೆ ಹುಬ್ಬಳ್ಳಿ ಗೋಕುಲ ರೋಡಿನ ಹಳೇ ಕೆಲಸ ನೆನಪಾಯಿತು. ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಾರ್ಚ್ ಕೊನೇ ವಾರ ಬಂತೆಂದರೆ ಮಾಲೀಕರು ನನ್ನ ಟೇಬಲ್ ಹತ್ತಿರ ಬಂದು ನಿಲ್ಲುತ್ತಿದ್ದರು. "ಡೀಲರ್‌ಗೆ ಮಾಲು ಕಳಿಸಿ ಬಿಲ್ ಹಾಕ್ರಿ. ಏಪ್ರಿಲ್‌ನ್ಯಾಗ ವಾಪಸ್ ತಗೊಂಡ್ರಾತು." ಬ್ಯಾಂಕಿನವರ ಕಣ್ಣಿಗೆ ಮಾರಾಟ ಜಾಸ್ತಿ ಕಾಣಬೇಕು, ಸಾಲದ ಮಿತಿ ಏರಬೇಕು. ಲಾಭ ಹೆಚ್ಚಾದ ವರ್ಷ ಉಲ್ಟಾ. ತೆರಿಗೆ ಉಳಿಸಲು ಮಾರ್ಚ್ ಬಿಲ್ಲು ಏಪ್ರಿಲ್‌ಗೆ ಜಾರುತ್ತಿತ್ತು. ಅದೇ ಮಾಲೀಕರು ತಮ್ಮೂರ ಶಾಲೆಗೆ ಬೆಂಚು ಕೊಡಿಸಿದ್ದರು. ಪ್ರತಿ ಬೆಂಚಿಗೂ ಹೆಸರು ಬರೆಸಿದ್ದರು ಅನ್ನಿ. ಆದರೂ ಮಕ್ಕಳು ನೆಲ ಬಿಟ್ಟು ಮೇಲೆ ಕೂತದ್ದು ಸುಳ್ಳಲ್ಲ. ನಾನು ಬರೆದ ಬಿಲ್ಲು ಮಾತ್ರ ಸುಳ್ಳು.

ಸತ್ಯಂ ಅನ್ನೋ ಸಾಫ್ಟ್‌ವೇರ್ ಕಂಪನಿ ನೆನಪಿದೆ ಅಲ್ವಾ? 2005ರಲ್ಲಿ ಹೈದರಾಬಾದಿನಲ್ಲಿ 108 ಆಂಬ್ಯುಲೆನ್ಸ್ ಶುರು ಮಾಡಿದ್ದು ಆ ಕಂಪನಿ ಕಟ್ಟಿದ ರಾಮಲಿಂಗ ರಾಜು ಕುಟುಂಬ. ಕಿಮ್ಸ್ ಆಸ್ಪತ್ರೆ ಕಡೆ 108 ಓಡುವುದು ಕಂಡಾಗೆಲ್ಲ ನನಗೆ ಆ ಕಂಪನಿ ನೆನಪಾಗುತ್ತದೆ. ಅದರ ಬೋರ್ಡಿನಲ್ಲಿ, ಅಂದರೆ ನಿರ್ದೇಶಕರ ಮಂಡಳಿಯಲ್ಲಿ, ಹಾರ್ವರ್ಡ್ ಪ್ರೊಫೆಸರ್ ಇದ್ದರು. 2008ರಲ್ಲಿ ಒಳ್ಳೆ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂತು. 2009ರ ಜನವರಿ 7ಕ್ಕೆ ರಾಜು ಅವರೇ ಪತ್ರ ಬರೆದು ಒಪ್ಪಿಕೊಂಡರು. ಲೆಕ್ಕದಲ್ಲಿ ತೋರಿಸಿದ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ!

ಆಮೇಲೆ 2013ರ ಕಂಪನಿ ಕಾಯ್ದೆ ಬಂತು. ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸರಿ. ಆದರೆ ಕಾಯ್ದೆಗಾಗಿ ಕೊಟ್ಟದ್ದು ದಾನ ಹೇಗಾಗುತ್ತದೆ? ತೆರಿಗೆ ಕಟ್ಟಿದವನನ್ನು ದಾನಿ ಅಂತೀವಾ?

ಕಂಪನಿಗಳು ಸಮಾಜಕ್ಕೆ ಮಾಡೋ ಈ ಖರ್ಚು, ಅಂದರೆ ಸಿಎಸ್‌ಆರ್, ಎಲ್ಲ ಸುಮ್ನೆ ತೋರಿಕೆ ಅಂತ ನಾನು ಹೇಳುತ್ತಿಲ್ಲ. ಕೈಬಿಚ್ಚಿ ಕೊಟ್ಟು ಲೆಕ್ಕವನ್ನೂ ನೆಟ್ಟಗಿಟ್ಟವರನ್ನು ಈ ಊರಲ್ಲೇ ಕಂಡಿದ್ದೇನೆ. ನನ್ನ ತಕರಾರು ಬೋರ್ಡಿನವರ ಮೇಲೆ. ಮಾಲೀಕರ ಹಂಗಿಲ್ಲದೆ ಲೆಕ್ಕ ಕೇಳಬೇಕಾದವರಿಗೆ ಸ್ವತಂತ್ರ ನಿರ್ದೇಶಕರು ಅಂತ ಹೆಸರು, ಹುಡುಕಿ ತರುವವರು ಬಹಳ ಕಡೆ ಮಾಲೀಕರೇ. ಬೀಗರ ಹಾಗೆ ಬಂದು ಉಂಡು ಹೋಗುವವರು ಲೆಕ್ಕದ ಪುಸ್ತಕ ತೆಗೆಸುತ್ತಾರಾ? ನನ್ನ ಟೇಬಲ್ ಹತ್ತಿರ ಬಂದು "ಈ ಡೀಲರ್ ರೊಕ್ಕ ಕೊಟ್ಟಾನೇನ್ರೀ?" ಅಂತ ಯಾರಾದರೂ ಒಬ್ಬರು ಕೇಳಿದ್ದರೂ ನಾನು ತೊದಲಿಬಿಡುತ್ತಿದ್ದೆ. ಯಾರೂ ಕೇಳಲಿಲ್ಲ.

ಹುಡುಗನಿಗೆ ಇಷ್ಟೇ ಹೇಳಿದೆ. ಫೋಟೋ ದಾಟಿ ಹಿಂದಕ್ಕೆ ಹೋಗು, ನಿಜವಾಗಿ ಬಂದು ಹೋದ ರೊಕ್ಕದ ಲೆಕ್ಕ ಇರುವ ನಗದು ಹರಿವಿನ ಪಟ್ಟಿ ತೆಗೆ, ಲಾಭದ ಪಕ್ಕಕ್ಕೆ ಇಟ್ಟು ನೋಡು. ರಾತ್ರಿ ಮೆಸೇಜ್ ಬಂತು. "ಮಾಮಾ, ಮೂರು ವರ್ಷದಿಂದ ಲಾಭ ಏರೇತಿ. ರೊಕ್ಕ ಮಾತ್ರ ಬಂದಿಲ್ಲ."