ವೆನಿಸ್‌ಗೆ ತಿಂಗಳಿಗಿಂತ ಹೊತ್ತು ಮುಖ್ಯ
ವೆನಿಸ್‌ನ ಜನಜಂಗುಳಿ ತಪ್ಪಿಸುವ ಬಗ್ಗೆ ಬರೆಯುತ್ತಾ "ಚಳಿಗಾಲದಲ್ಲಿ ಹೋದರೆ ವೆನಿಸ್ ಖಾಲಿ" ಎಂದಿದ್ದೀರಿ. ನವೆಂಬರ್‌ಗೆ ಒಪ್ಪುವೆ. ಆದರೆ ಮುಖವಾಡಗಳ ಹಬ್ಬವಾದ ಕಾರ್ನಿವಲ್ ಬರುವುದೂ ಚಳಿಗಾಲದಲ್ಲೇ, ಆಗ ಕಾಲಿಡಲು ಜಾಗವಿರುವುದಿಲ್ಲ!

ನಿಜವಾದ ನೂಕುನುಗ್ಗಲು ಬೆಳಿಗ್ಗೆ ಬಂದು ಸಂಜೆ ಮರಳುವವರದ್ದು. 2024ರಲ್ಲಿ ಅವರಿಗೆಂದೇ ಆಯ್ದ ದಿನಗಳಂದು 5 ಯೂರೋ ಪ್ರವೇಶ ಶುಲ್ಕ ಶುರುಮಾಡಿದರು, ಅದೂ ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಮಾತ್ರ. ಜನ ಯಾವಾಗ ತುಂಬುತ್ತಾರೆಂದು ಆ ವೇಳೆಯೇ ಹೇಳುತ್ತದೆ. ನೀರಿನಾಚೆ ಮುಖ್ಯ ಭೂಭಾಗದಲ್ಲಿರುವ ಮೆಸ್ತ್ರೆಯಲ್ಲಿ ರೂಮು ಅಗ್ಗ, ಸರಿ. ಆದರೆ ಮುಂಜಾನೆ ಏಳಕ್ಕೆ ಸ್ಯಾನ್ ಮಾರ್ಕೋ ಚೌಕದಲ್ಲಿ ಆರಾಮಾಗಿ ಅಡ್ಡಾಡಬೇಕೆಂದರೆ ದ್ವೀಪದಲ್ಲೇ ಒಂದು ರಾತ್ರಿ ತಂಗಿ, ದುಡ್ಡು ದಂಡವಲ್ಲ.

ಹಗಲಲ್ಲೂ ಜನ ಮುಗಿಬೀಳುವುದು ರೈಲು ನಿಲ್ದಾಣ, ರಿಯಾಲ್ಟೋ ಸೇತುವೆ, ಸ್ಯಾನ್ ಮಾರ್ಕೋ ಜೋಡಿಸುವ ಓಣಿಗಳಲ್ಲೇ. ಅದನ್ನು ಬಿಟ್ಟು ಉತ್ತರದ ಕನ್ನರೇಜೊ ಬಡಾವಣೆ ಕಡೆ ನಡೆಯಿರಿ. ಅಲ್ಲಿನ ಮಡೋನ್ನಾ ದೆಲ್ಲೋರ್ತೊ ಚರ್ಚ್‌ನಲ್ಲಿ ಹೆಸರಾಂತ ಚಿತ್ರಕಾರ ತಿಂತೊರೆತ್ತೊನ ಭಾರಿ ಚಿತ್ರಗಳೂ ಇವೆ, ಅವನ ಸಮಾಧಿಯೂ ಇದೆ. ಪೂರ್ವದ ತುದಿಯಲ್ಲಿ ಸ್ಯಾನ್ ಪಿಯೆತ್ರೊ ಚರ್ಚ್ ಇದೆ. 1807ರವರೆಗೆ ಊರಿನ ಕೆಥೆಡ್ರಲ್, ಅಂದರೆ ಪ್ರಧಾನ ಚರ್ಚ್, ಅದೇ ಆಗಿತ್ತು, ಈಗ ಹೆಚ್ಚಿನವರು ಅತ್ತ ತಲೆ ಹಾಕುವುದಿಲ್ಲ.

ಗೊಂಡೋಲಾ ಆಸೆಯಿದ್ದರೆ ಊರಿನ ಮುಖ್ಯ ಕಾಲುವೆ ಗ್ರ್ಯಾಂಡ್ ಕೆನಾಲ್ ದಾಟಿಸುವ 'ತ್ರಾಗೆತ್ತೊ' ಎಂಬ ಸಾರ್ವಜನಿಕ ಗೊಂಡೋಲಾ ಹತ್ತಿ. ಕೆಲವೇ ನಿಮಿಷದ ಸವಾರಿ, ಆದರೆ ಕೆಲವೇ ಯೂರೋ.