"ಹಂಚ್ ಎಷ್ಟ್ ಬೇಕ್ ಮಾರಾಯ್ರೆ?"

ಹೋದ ವಾರ ಕುಂದಾಪುರದ ಹತ್ತಿರ ಒಂದು ಹಳೇ ಹಂಚಿನ ಕಾರ್ಖಾನೆಗೆ ಹೋಗಿದ್ದೆ. ಅಜ್ಜನ ಕಾಲದಿಂದ ಒಂದೇ ಮನೆಯವರು ನಡೆಸುತ್ತಿರುವುದು. ನಾನು ಮೊಬೈಲ್ ತೆಗೆದು ಚಿಮಣಿಯ ಫೋಟೊ ಹೊಡೆಯುತ್ತಿದ್ದಾಗ ಧಣಿಗಳು ಬಂದು ಕೇಳಿದ್ದು ಮೇಲಿನ ಪ್ರಶ್ನೆ.

"ಹಂಚು ಬೇಡ, ಸುಮ್ಮನೆ ನೋಡ್ಲಿಕ್ಕೆ ಬಂದದ್ದು" ಅಂದೆ. ನಕ್ಕರು. ಈಗೀಗ ಬರುವವರೆಲ್ಲ ನೋಡ್ಲಿಕ್ಕೇ ಬರುವುದಂತೆ.

ಆದರೂ ಬೇಸರಿಸದೆ ಎಲ್ಲ ತೋರಿಸಿದರು. ಹದ ಮಾಡಿದ ಆವೆಮಣ್ಣಿನ ತುಂಡು ಪ್ರೆಸ್ಸಿನಡಿ ಹೋಗಿ, ಬೆನ್ನಿಗೆ ಕಾರ್ಖಾನೆಯ ಹೆಸರು ಒತ್ತಿಸಿಕೊಂಡು ಹಂಚಾಗಿ ಬರುತ್ತದೆ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ನೆರಳಲ್ಲೇ ದಿನಗಟ್ಟಲೆ ಒಣಗಬೇಕು. ಒಣಗುವಾಗ ಕುಗ್ಗುತ್ತದೆಂದು ಅಚ್ಚನ್ನೇ ಹಂಚಿಗಿಂತ ದೊಡ್ಡದಾಗಿ ಮಾಡಿರುತ್ತಾರೆ (ಇದು ನನಗೆ ಗೊತ್ತೇ ಇರಲಿಲ್ಲ). ಆಮೇಲೆ ಭಟ್ಟಿ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಗಾಗುವುದು ಅಲ್ಲಿ. ಬೆಂದ ಹಂಚಿಗೆ ಬೆರಳ ಗೆಣ್ಣಿನಿಂದ ಹೊಡೆದರೆ ಟಣ್ ಅನ್ನಬೇಕು. ದಬ್ ಅಂದದ್ದು ಪಕ್ಕಕ್ಕೆ.

ಪುಸ್ತಕ ಅಚ್ಚುಹಾಕುವ ಪ್ರೆಸ್ಸಿನ ಕೆಲಸಕ್ಕೆಂದು ಬಂದಿದ್ದ ಬಾಸೆಲ್ ಮಿಶನ್ನಿನ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚು ಸುಡಲು ಶುರು ಮಾಡಿದ. ಮೂರೇ ವರ್ಷಕ್ಕೆ, 1868ರಲ್ಲಿ, ಊರಿನ ಆಲ್ಬುಕರ್ಕ್ ಮನೆತನದವರೂ ಕಾರ್ಖಾನೆ ಹಾಕಿದರು. ಆಮೇಲೆ ನದಿದಡದಲ್ಲೆಲ್ಲ ಚಿಮಣಿಗಳೇ.

ಈಗ 'ಹೆರಿಟೇಜ್' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಡವಿದ ಮನೆಯ ಪಾಚಿ ಹಿಡಿದ ಹಂಚನ್ನು ಹುಡುಕಿ ತಂದು ಆರ್‌ಸಿಸಿ ತಾರಸಿ ಮೇಲೆ ಶೋಕಿಗೆ ಹೊದಿಸುತ್ತಾರೆ. ನಿನ್ನೆ ಭಟ್ಟಿಯಿಂದ ತೆಗೆದದ್ದು ಯಾರಿಗೂ ಬೇಡ. ಧಣಿಗಳ ದೊಡ್ಡ ದೂರು ಮಾತ್ರ ಮಣ್ಣು ಸಿಗುವುದಿಲ್ಲ ಎಂಬುದು. ಅದರಲ್ಲಿ ನಾನು ಪೂರ್ತಿ ಅವರ ಪಕ್ಷ ಅಲ್ಲ. ಮಣ್ಣು ತೆಗೆದ ಗದ್ದೆ ಹೊಂಡವಾಗಿ ನೀರು ನಿಂತದ್ದನ್ನು ಕಂಡವ ನಾನು.

ಸಿಟ್ಟು ಮಾಡುವ ನಾನೇನು ಸಾಚಾ? ಮಂಗಗಳ ಕಾಟ, ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು (ಒಡೆದದ್ದು ಬದಲಿಸಿ ಸರಿಮಾಡಲು) ಜನ ಸಿಗುವುದಿಲ್ಲ ಎಂದು ನಮ್ಮ ಮನೆಗೆ ಶೀಟು ಹಾಕಿಸಿದ್ದು ನಾನೇ. ಅಮ್ಮ ಬೇಡ ಅಂದಿದ್ದರು. ಈಗ ಮಳೆ ಹೊಡೆದರೆ ಫೋನಿನಲ್ಲಿ ಅಮ್ಮನ ಮಾತೇ ಕೇಳಿಸುವುದಿಲ್ಲ.

ಹೊರಡುವಾಗ ಕೊಟ್ಟಿಗೆಗಾದರೂ ಇರಲಿ ಎಂದು ಲೆಕ್ಕ ಕೇಳಿದೆ. ನೂರು ಚದರ ಅಡಿಗೆ ಸುಮಾರು 150 ಹಂಚು. "ಪಕ್ಕಾಸು, ರೀಪು ಎಲ್ಲ ಗಟ್ಟಿ ಇತ್ತಾ?" ಅಂದರು ಧಣಿಗಳು. ಹಂಚು ಹೊರುವ ಮಾಡಿನ ಮರದ ತೊಲೆ, ಪಟ್ಟಿಗಳು ಅವು. ಊರಿಗೆ ಹೋಗಿ ನೋಡಬೇಕು.